ತಗೊಂಡೆ ಎನ್ನುವ ಕೈ

ಆ ಊರನ್ನು ಬಳಸಿಕೊಂಡು ಒಂದೇ ಒಂದು ಜೋಡಿ ಹಳಿ ಇತ್ತು. ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಬಳೆಯ ಹಾಗೆ ಸುತ್ತಿ ಬಂದು ತನ್ನನ್ನೇ ಕೂಡಿಕೊಳ್ಳುತ್ತಿತ್ತು. ಹಳಿಯ ಮೇಲೆ ಓಡುತ್ತಿದ್ದದ್ದು ಒಂದೇ ಗಾಡಿ. ಮಾರುಕಟ್ಟೆಗೆ ಹೋಗುವವರು, ಶಾಲೆಗೆ ಹೋಗುವವರು, ಕಚೇರಿಗೆ, ಆಸ್ಪತ್ರೆಗೆ ಹೋಗುವವರು, ಆಸ್ಪತ್ರೆಯಿಂದ ಮಸಣಕ್ಕೆ ಹೋಗುವವರು, ಎಲ್ಲರೂ ಅದನ್ನೇ ಹತ್ತಬೇಕು. ಒಂದು ಸುತ್ತಿಗೆ ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟು ಹೊತ್ತು ಹಿಡಿಯುತ್ತಿತ್ತು. ಗಾಡಿ ಮನೆಯ ಮುಂದೆ ಹಾದಾಗ ಅಕ್ಕಿ ಹಾಕಬೇಕು, ಮತ್ತೆ ಹಾದಾಗ ಪಾತ್ರೆ ಇಳಿಸಬೇಕು. ಅಲ್ಲಿ ಗಡಿಯಾರಗಳು ಗೋಡೆಯ ಅಂದಕ್ಕೆ ಮಾತ್ರ ಇದ್ದವು.

ಗಾಡಿ ಓಡುತ್ತಿದ್ದದ್ದು ಒಂದು ಕೋಲಿನಿಂದ. ಮೊಳದುದ್ದದ ಕರಿಯ ಮರದ ಕೋಲು, ತುದಿಗೊಂದು ಹಿತ್ತಾಳೆ ಬಳೆ. ಆ ಕೋಲು ಗಾಡಿಯೊಳಗೆ ಯಾರದಾದರೂ ಕೈಯಲ್ಲಿರುವಷ್ಟು ಹೊತ್ತು ಗಾಡಿ ಓಡುತ್ತಿತ್ತು. ನಿಲ್ದಾಣಗಳಲ್ಲಿ ನಿಧಾನವಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಕೋಲು ಹಿಡಿದವರ ಕಾಲು ಗಾಡಿಯ ನೆಲ ಬಿಟ್ಟು ಏಳುತ್ತಿರಲಿಲ್ಲ, ಬೆರಳು ಬಿಚ್ಚುತ್ತಿರಲಿಲ್ಲ. ಬಿಡುಗಡೆಗೆ ಇದ್ದದ್ದು ಒಂದೇ ದಾರಿ. ಇನ್ನೊಂದು ಕೈ ಬರಬೇಕು. ಹಿಡಿದವರು 'ತಗೋ' ಅನ್ನಬೇಕು. ಬಂದವರು ಕೋಲಿನ ಇನ್ನೊಂದು ತುದಿ ಹಿಡಿದು 'ತಗೊಂಡೆ' ಅನ್ನಬೇಕು. ಆಗ ಬೆರಳು ತಾನಾಗಿ ಬಿಚ್ಚುತ್ತಿತ್ತು. ತಗೋ ಎನ್ನದೆ ತಗೊಂಡೆ ಎಂದರೆ ನಡೆಯದು. ತಗೋ ಎಂದ ಮೇಲೆ ತಗೊಂಡೆ ಎನ್ನದಿದ್ದರೂ ನಡೆಯದು. ಕಿತ್ತುಕೊಳ್ಳಲು ನೋಡಿದವರೂ ಹಿಂದೆ ಇದ್ದರಂತೆ. ಕೈ ನೊಂದಿತೇ ಹೊರತು ಕೋಲು ಬರಲಿಲ್ಲ. ಯಾಕೆ ಹೀಗೆ ಎಂದು ಪರಸ್ಥಳದವರು ಕೇಳಿದರೆ, ಮತ್ತೆ ಹೇಗಿರಬೇಕಿತ್ತು ಎಂದು ಊರಿನವರು ತಿರುಗಿ ಕೇಳುತ್ತಿದ್ದರು.

ಊರೇ ಗಾಡಿ ನಡೆಸುತ್ತಿದ್ದ ಕಾಲದಲ್ಲಿ ಕೋಲು ಹಿಡಿಯಲು ಆರು ಜನ ಇದ್ದರು. ಒಬ್ಬರ ಸರದಿ ಮುಗಿಯುವ ಹೊತ್ತಿಗೆ ಇನ್ನೊಬ್ಬರು ಡಿಪೋದ ಕಟ್ಟೆಯ ಮೇಲೆ ಬಂದು ನಿಂತಿರುತ್ತಿದ್ದರು, ಒಂದು ಕೈಯಲ್ಲಿ ಮಜ್ಜಿಗೆಯ ಲೋಟ ಹಿಡಿದುಕೊಂಡು. ತಗೋ, ತಗೊಂಡೆ. ಕೋಲು ಈ ಕೈಯಿಂದ ಆ ಕೈಗೆ ಹೋದರೆ ಮಜ್ಜಿಗೆ ಆ ಕೈಯಿಂದ ಈ ಕೈಗೆ ಬರುತ್ತಿತ್ತು. ಇದು ಯಾವ ಕಾಯಿದೆಯಲ್ಲೂ ಬರೆದದ್ದಲ್ಲ. ಬರೆಯದೆ ಇದ್ದದ್ದರಿಂದಲೇ ಮೊದಲು ಹೋದದ್ದು ಅದು.

ಆ ಆರು ಜನರಲ್ಲಿ ಒಬ್ಬಳು ಕೋಲಿನವಳು. ಅವಳ ತಾಯಿಯೂ ಕೋಲಿನವಳೇ. ನಲವತ್ತು ವರ್ಷ ಹಿಡಿದು, ಕೊನೆಯ ದಿನ ಮಗಳ ಕೈಗೇ ಕೊಟ್ಟು ಇಳಿದಿದ್ದಳು. ಅವರ ಮನೆ ಹಳಿಗೆ ಅಂಟಿಕೊಂಡಂತೆ ಇದ್ದ ಹಳೆಯ ಕ್ವಾರ್ಟರ್ಸು. ಕಿಟಕಿಯಿಂದ ಕೈ ಚಾಚಿದರೆ ಗಾಡಿಗೆ ತಗಲುವಷ್ಟು ಹತ್ತಿರ. ಈಗ ತಾಯಿ ಹಾಸಿಗೆ ಹಿಡಿದಿದ್ದಳು. ಗಾಡಿ ಕಾಣಲಿ ಎಂದು ಮಂಚವನ್ನು ಆ ಕಿಟಕಿಗೇ ಸರಿಸಿಕೊಂಡಿದ್ದಳು.

ಊರಿನ ಹಿರಿಯರಿಗೆ ಗಾಡಿಯ ತಕರಾರು ಕೇಳಿ ಕೇಳಿ ಸಾಕಾಗಿತ್ತು. ಗಾಡಿ ಕುಲುಕುತ್ತದೆ, ಮಳೆ ಬಂದರೆ ಸೋರುತ್ತದೆ, ಮಾರುಕಟ್ಟೆಯ ತಿರುವಿನಲ್ಲಿ ಕಿರ್ರೆನ್ನುತ್ತದೆ. ಇದನ್ನೆಲ್ಲ ಕೇಳಿಸಿಕೊಳ್ಳಲು ಬೇರೆ ಯಾರಾದರೂ ಸಿಕ್ಕರೆ ಸಾಕು ಎನ್ನುವ ಹಂತಕ್ಕೆ ಅವರು ಬಂದಿದ್ದರು. ಅಂಥ ಹೊತ್ತಿಗೆ ಗುತ್ತಿಗೆದಾರ ಬಂದ. ಅವನ ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು. ಹಿರಿಯರು ಹಾರ ಹಾಕಿದಾಗಲೂ ಅವನು ಕತ್ತು ಬಗ್ಗಿಸಿದನೇ ವಿನಾ ಕೈ ತೆಗೆಯಲಿಲ್ಲ. ದೊಡ್ಡ ಮನುಷ್ಯ, ಹಾಗೇ ಇರುತ್ತಾರೆ ಎಂದುಕೊಂಡು ಊರು ಚಪ್ಪಾಳೆ ತಟ್ಟಿತು. ಬುದ್ಧಿ ಇದ್ದವರು ಅವತ್ತೇ ಆ ಜೇಬುಗಳನ್ನು ನೋಡಿಕೊಳ್ಳಬೇಕಿತ್ತು.

ಗುತ್ತಿಗೆದಾರ ಡಿಪೋದಲ್ಲಿ ಒಂದು ಸುತ್ತಿನಷ್ಟು ಹೊತ್ತು ನಿಂತು ನೋಡಿದ. ಒಬ್ಬರು ಹಿಡಿದಿರುವಾಗ ಐದು ಜನ ಕೂತಿರುತ್ತಾರಲ್ಲ, ಯಾಕೆ ಎಂದು ಕೇಳಿದ. ಅವರು ಕೂತಿರುವುದಲ್ಲ, ಸರದಿ ಕಾಯುತ್ತಿದ್ದಾರೆ ಎಂದು ಕೋಲಿನವರ ಮುಖಂಡ ಹೇಳಿದ. ಮುಖಂಡನೆಂದರೆ ಆರು ಜನರಲ್ಲಿ ದೊಡ್ಡ ದನಿಯವನು, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವವನು. ಕಾಯುವ ಕೆಲಸವನ್ನು ಮನೆಯಲ್ಲೇ ಮಾಡಬಹುದಲ್ಲ ಎಂದ ಗುತ್ತಿಗೆದಾರ, ಇಬ್ಬರನ್ನು ಮನೆಗೆ ಕಳಿಸಿದ. ಗಾಡಿ ಓಡಿತು. ಇನ್ನೊಬ್ಬನನ್ನು ಕಳಿಸಿದ. ಆಗಲೂ ಓಡಿತು. ಓಡುತ್ತದಲ್ಲ ಮತ್ತೆ, ಎಂದು ಅವನು ಹಿರಿಯರ ಕಡೆ ತಿರುಗಿ ಹೇಳಿದ.

ಉಳಿದ ಮೂವರ ಸರದಿ ಎರಡು ಪಟ್ಟಾಯಿತು. ಅಂಗೈಯಲ್ಲಿ ಕೋಲಿನ ಅಗಲಕ್ಕೇ ಗುಳಿ ಬಿತ್ತು. ಇಳಿದವರು ಮನೆ ಸೇರಿ ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಬರಬೇಕು, ಇನ್ನು ಮಜ್ಜಿಗೆ ಕಡೆಯುವುದೆಲ್ಲಿ? ಬರಿಗೈಯಲ್ಲಿ ಬಂದು, ತಗೋ, ತಗೊಂಡೆ, ಮುಖ ಮುಖ ನೋಡದೆ ಬದಲಾಗುವುದು ರೂಢಿಯಾಯಿತು. ಮುಖಂಡ ಹಿರಿಯರ ಬಳಿ ಹೋದ. ಗಾಡಿ ಈಗ ನಮ್ಮದಲ್ಲವಪ್ಪ, ಗುತ್ತಿಗೆದಾರರನ್ನು ಕೇಳು ಎಂದರು. ಗುತ್ತಿಗೆದಾರನ ಬಳಿ ಹೋದ. ಹಿರಿಯರು ಬರೆದುಕೊಟ್ಟ ಹಾಗೇ ನಡೆಸುತ್ತಿದ್ದೇನೆ, ಅವರನ್ನು ಕೇಳು ಎಂದ. ಹೀಗೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ತಿರುಗಿ ಅವನ ಚಪ್ಪಲಿ ಸವೆದವು. ಆ ತಿರುಗಾಟಕ್ಕೂ ಅವನು ಅದೇ ಗಾಡಿಯನ್ನೇ ಹತ್ತಿ ಇಳಿಯುತ್ತಿದ್ದ ಎಂಬುದು ಬೇರೆ ಮಾತು.

ಕೊನೆಗೆ ಒಂದು ಬೆಳಗ್ಗೆ ಡಿಪೋದ ಹುಣಸೆ ಮರದ ಕೆಳಗೆ ಸಭೆ ಸೇರಿತು. ಮನೆಗೆ ಕಳಿಸಲ್ಪಟ್ಟವರೂ ಬಂದರು. ಮುಖಂಡ ಗಂಟಲು ಸರಿಮಾಡಿಕೊಂಡು, ಕಳಿಸಿದವರನ್ನು ವಾಪಸು ಕರೆಯುವ ತನಕ ಒಂದು ಕೈಯೂ ಕೋಲಿಗೆ ಚಾಚಬಾರದು ಎಂದ. ಎಲ್ಲರೂ ಕೈಯ ಮೇಲೆ ಕೈ ಇಟ್ಟು ಆಣೆ ಮಾಡಿದರು. ನಮ್ಮ ಕೈ ಚಾಚುವುದಿಲ್ಲ, ಯಾವ ಕೋಲಿಗೂ ಚಾಚುವುದಿಲ್ಲ, ಯಾರು ಕರೆದರೂ ಚಾಚುವುದಿಲ್ಲ. ಮೂರು ಸಲ ಹೇಳಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಂತರು. ನೋಡಲು ಚೆನ್ನಾಗಿತ್ತು. ಆಮೇಲೆ ಯಾರೋ ಒಬ್ಬರು ತಲೆ ಎಣಿಸಿ, ಐದೇ ಇದೆಯಲ್ಲ ಎಂದರು. ಅಷ್ಟು ಹೊತ್ತಿಗೆ ಗಾಡಿ ಬಂತು.

ಗಾಡಿಯ ಬಾಗಿಲಲ್ಲಿ ಕೋಲಿನವಳು ನಿಂತಿದ್ದಳು. ಅವಳ ಸರದಿ ಮುಗಿದಿತ್ತು. ಆವತ್ತು ಮುಂಜಾನೆ ತಾಯಿಗೆ ಉಸಿರು ಕಟ್ಟಿ, ಪಕ್ಕದ ಮನೆಯವಳನ್ನು ಕೂರಿಸಿ ಬಂದಿದ್ದಳು. ಇಳಿದವಳೇ ಓಡಿ ಹೋಗಿ ತಾಯಿಯ ತಲೆದೆಸೆಯಲ್ಲಿ ಕೂರಬೇಕು ಎಂಬುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ಕೋಲನ್ನು ಮುಂದೆ ಚಾಚಿ, ತಗೋ ಎಂದಳು. ಐದು ಜೋಡಿ ಕೈ ಎದೆಯ ಮೇಲೆ ಹಾಗೇ ಇದ್ದವು. ಕೋಲು ಈಗ ಯಾರ ಕೈಯಲ್ಲಿದೆ ಎಂದು ಆಣೆ ಮಾಡುವ ಮೊದಲು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ. ಮುಖಂಡನ ಮುಖ ಸಪ್ಪಗಾಯಿತು. ಆದರೆ ಆಣೆ ಇನ್ನೂ ಬಾಯಲ್ಲಿ ಬಿಸಿಯಾಗಿತ್ತು, ಈಗಲೇ ಮುರಿದರೆ ಗುತ್ತಿಗೆದಾರ ನಗುತ್ತಾನೆ.

"ಒಂದೆರಡು ಸುತ್ತು ತಡ್ಕೊಳ್ಳಮ್ಮ," ಎಂದ ಅವನು, ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆಯುತ್ತಾ. "ಇವತ್ತೇ ಬಗ್ತಾನೆ ಅವನು. ನಮಗೋಸ್ಕರ ತಡ್ಕೋ."

ಒಂದು ಸುತ್ತು ಬಂದಳು. ತಗೋ. ಐವರೂ ನೆಲ ನೋಡಿದರು. ಇನ್ನೊಂದು ಸುತ್ತು ಬಂದಳು. ತಗೋ. ಮೂರನೆಯ ಸುತ್ತಿಗೆ ಕಟ್ಟೆಯ ಮೇಲೆ ಗುತ್ತಿಗೆದಾರನೂ ಬಂದು ನಿಂತಿದ್ದ. ಅವಳು ತಾಯಿಯ ವಿಷಯ ಹೇಳಿದಳು. ಅವನು ತುಂಬ ಮರುಗಿದ.

"ನಾನೇನು ನಿನ್ನ ಹಿಡಿದಿಟ್ಟಿದೀನೇನಮ್ಮ?" ಎಂದ. "ಒಂದು ಕೈ ತೋರಿಸು, ಈ ಗಳಿಗೇಲಿ ಇಳಿ. ನಿನ್ನ ಇಳಿಸದೆ ಇರೋರು ನಿನ್ನೋರೇ."

ನಿಮಗೂ ಕೈಯಿದೆಯಲ್ಲ ಸ್ವಾಮಿ ಎಂದಳು ಅವಳು. ಅವನು ನಕ್ಕ. ಜೇಬುಗಳು ಅಲ್ಲಾಡಲಿಲ್ಲ. ಆರು ಜನರ ಕೆಲಸ ಒಬ್ಬಳಿಂದ ನಡೆಯುತ್ತಿರುವಾಗ ಅವನಿಗೆ ಬಗ್ಗುವ ದರ್ದಾದರೂ ಏನಿತ್ತು? ಮುಷ್ಕರದಿಂದ ಅವನಿಗೆ ಆದದ್ದೆಲ್ಲ ಅನುಕೂಲವೇ. ಇದು ಹುಣಸೆ ಮರದ ಕೆಳಗಿದ್ದವರಿಗೂ ಸಂಜೆಯ ಹೊತ್ತಿಗೆ ಹೊಳೆದಿತ್ತು. ಹೊಳೆದದ್ದನ್ನು ಯಾರು ಮೊದಲು ಹೇಳುವುದು ಎಂದು ಒಬ್ಬರನ್ನೊಬ್ಬರು ನೋಡುತ್ತಾ ಕೂತರು.

ಅವಳು ಹತ್ತಿದವರ ಕಡೆಗೆಲ್ಲ ಕೋಲು ಚಾಚಿದಳು. ಯಾರ ಕೈಯಾದರೂ ನಡೆಯುತ್ತಿತ್ತು. ಮೇಷ್ಟರು ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡರು. ಪೂಜಾರಿ, ನಾನು ಮಡಿಯಲ್ಲಿದ್ದೇನೆ ಎಂದು ಹಿಂದೆ ಸರಿದ. ಹೂವಿನವಳು ಕಣ್ಣೀರು ಹಾಕಿದಳು, ಸೆರಗಿನಿಂದ ಅವಳ ಹಣೆ ಒರೆಸಿದಳು, ಬಾಳೆಹಣ್ಣು ಸುಲಿದು ಬಾಯಿಗಿಟ್ಟಳು, ಆಮೇಲೆ ನನ್ನ ಕೈ ಖಾಲಿ ಇಲ್ಲ ತಾಯಿ ಎಂದು ಬುಟ್ಟಿ ಎತ್ತಿಕೊಂಡಳು. ಎರಡನೆಯ ದಿನದ ಹೊತ್ತಿಗೆ ಜನ ಗಾಡಿ ಹತ್ತುವಾಗಲೇ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹತ್ತುವುದನ್ನು ಕಲಿತರು. ಗಾಡಿ ತುಂಬ ಮನುಷ್ಯರಿದ್ದರು, ಒಂದು ಕೈ ಕಾಣುತ್ತಿರಲಿಲ್ಲ.

ಪ್ರತಿ ಸುತ್ತಿಗೂ ಗಾಡಿ ಆ ಕಿಟಕಿಯನ್ನು ಹಾಯುತ್ತಿತ್ತು. ಒಂದು ಸಲಕ್ಕೆ ಒಂದು ಮಾತು ಆಡುವಷ್ಟೇ ಹೊತ್ತು ಸಿಗುತ್ತಿತ್ತು.

"ಉಂಡ್ಯೇನೇ?" ಎಂದಳು ತಾಯಿ.

ಮುಂದಿನ ಸುತ್ತಿನಲ್ಲಿ ಮಗಳು, "ಉಂಡೆ ಅಮ್ಮ. ಉಸಿರು ಹೆಂಗಿದೆ?" ಎಂದಳು.

ಅದರ ಮುಂದಿನದರಲ್ಲಿ ತಾಯಿ, "ಇದೆ," ಎಂದಳು.

ಕತ್ತಲಾಯಿತು, ಬೆಳಗಾಯಿತು. "ಯಾಕೆ ಇಳೀತಿಲ್ಲ?" ಒಂದು ಅನ್ನ ಬೇಯುವಷ್ಟು ಹೊತ್ತು. "ಯಾರೂ ತಗೋತಿಲ್ಲಮ್ಮ." ಇನ್ನೊಂದು ಅನ್ನ ಬೇಯುವಷ್ಟು ಹೊತ್ತು. ಆ ಸಲ ತಾಯಿ ಮಗಳ ಬೆರಳುಗಳನ್ನೇ ನೋಡಿದಳು. ಅವು ಊದಿ, ಕೋಲಿನ ಬಣ್ಣಕ್ಕೆ ತಿರುಗಿದ್ದವು. ನಲವತ್ತು ವರ್ಷ ಅದೇ ಕೋಲು ಹಿಡಿದವಳಿಗೂ ಅಂಥ ಬೆರಳುಗಳನ್ನು ಕಂಡು ಗೊತ್ತಿರಲಿಲ್ಲ.

ಮೂರನೆಯ ದಿನ ಗಾಡಿ ತಿರುವು ದಾಟಿದಾಗ ಕಿಟಕಿಯಿಂದ ಒಂದು ಕೈ ಹೊರಗೆ ಬಂದಿತ್ತು. ಒಣಗಿದ ಕೈ; ಅಂಗೈಯ ಗುಳಿ ಮಾತ್ರ ಹಾಗೇ ಇತ್ತು. ಮಗಳು ಬೇಡವೆಂದು ತಲೆಯಾಡಿಸಿದಳು, ಗಾಡಿ ಮುಂದೆ ಹೋಯಿತು. ಸುತ್ತಿ ಬಂದಾಗಲೂ ಕೈ ಅಲ್ಲೇ ಇತ್ತು. ಒಂದು ಅನ್ನ ಬೇಯುವಷ್ಟು ಹೊತ್ತು ಅದು ಗಾಳಿಯಲ್ಲಿ ಹಾಗೇ ಚಾಚಿಕೊಂಡಿತ್ತು. ಆರನೆಯ ಸುತ್ತಿಗೆ ಆ ಕೈ ಕಿಟಕಿಯ ಚೌಕಟ್ಟಿಗೆ ಒರಗಿತು. ಆದರೂ ಒಳಗೆ ಹೋಗಲಿಲ್ಲ.

"ತಗೋ ಅನ್ನೇ," ಎಂದಳು ತಾಯಿ. "ನಾನು ಸತ್ತ ಮೇಲೆ ಬಂದು ಕೂತ್ಕೋತೀಯಾ?"

ಮಗಳ ಬಾಯಿಂದ ಆ ಮಾತು ಹೊರಟೇಹೋಯಿತು. ತಗೋ. ಕಿಟಕಿಯ ಕೈ ಕೋಲು ಹಿಡಿಯಿತು. ತಗೊಂಡೆ. ಮೂರು ದಿನದ ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಕೋಲು ಕಿಟಕಿಯೊಳಗೆ ಹೋಯಿತು. ಗಾಡಿ ಒಮ್ಮೆ ನಡುಗಿ, ಆ ಊರು ಹುಟ್ಟಿದಾಗಿನಿಂದ ಯಾರೂ ಕಾಣದ ಹಾಗೆ, ನಿಂತಿತು.

ಅವಳು ಇಳಿದಳು, ಬಿದ್ದಳು, ಅಂಬೆಗಾಲಲ್ಲಿ ಮನೆ ಸೇರಿದಳು. ಪಕ್ಕದ ಮನೆಯವಳು ಎದ್ದು ಹೋದಳು. ಮಗಳು ಗಡಿಗೆಯಲ್ಲಿದ್ದ ಮೊಸರು ಕಡೆದು, ಉಪ್ಪು ಹಾಕಿ, ಲೋಟದಲ್ಲಿ ತಂದು ತಾಯಿಯ ತುಟಿಗೆ ಹಿಡಿದಳು. ತಾಯಿಗೆ ನಗು ಬಂತು.

"ತಿರುಗುಮುರುಗು ಆಯ್ತಲ್ಲೇ. ಕೋಲು ತಗೊಂಡೋರು ಮಜ್ಜಿಗೆ ಕೊಡಬೇಕು."

ಎರಡು ಗುಟುಕು ಕುಡಿದಳು. ಮಗಳು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳ ಕೈಗಳು ಖಾಲಿಯಾಗಿದ್ದವು. ತಾಯಿಯ ಕೂದಲಲ್ಲಿ ಬೆರಳಾಡಿಸಬಹುದಾಗಿತ್ತು, ಆಡಿಸಿದಳು. ಇಷ್ಟು ಸುಖವಾಗಿ ಅವಳು ಯಾವತ್ತೂ ಕೂತಿರಲಿಲ್ಲ. ಅತ್ತ ಹೊರಗೆ ಊರಿನ ಒಲೆಗಳ ಮೇಲೆಲ್ಲ ಗಾಡಿ ಬರಲಿ ಎಂದು ಕಾದು ಕಾದು ಅನ್ನ ಸೀಯುತ್ತಿತ್ತು. ಮುಖಂಡ ಮತ್ತು ಜೊತೆಯವರು ತಮಟೆ ಬಡಿದುಕೊಂಡು ಬಂದು, ನಿಂತ ಗಾಡಿಯ ಸುತ್ತ ಕುಣಿದು, ಗೆದ್ದೆವು ಎಂದು ಕೂಗಿದರು. ಒಳಗೊಂದು ಜೀವ ಹೋಗುತ್ತಿದೆ, ತಮಟೆ ನಿಲ್ಲಿಸಿ ಎಂದು ಹೇಳಲೂ ಅವಳು ಏಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತಾಯಿ ಕಣ್ಣು ತೆರೆದಳು.

"ಇದನ್ನ ವಾಪಸು ಕೊಟ್ಟುಬಿಡ್ಲೇನೇ? ತಗೋ ಅನ್ಲಾ?"

ಮಗಳು ತನ್ನ ಅಂಗೈ ನೋಡಿಕೊಂಡಳು. ಚರ್ಮ ಸುಲಿದಿತ್ತು.

"ಇರಲಿ ಬಿಡಮ್ಮ," ಎಂದಳು. "ಇನ್ನೊಂದು ಸ್ವಲ್ಪ ಹೊತ್ತು ಹಿಂಗೇ ಕೂತಿರ್ತೀನಿ. ಆಮೇಲೆ ಕೊಡೋವಂತೆ."

ತಾಯಿ ಸರಿ ಎನ್ನುವಂತೆ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ಅದು ಮಗಳಿಗೆ ಗೊತ್ತಾದದ್ದು ತಮಟೆ ತಾನಾಗಿ ನಿಂತ ಮೇಲೆ. ಬಾಗಿಲಲ್ಲಿ ಗುತ್ತಿಗೆದಾರ ನಿಂತಿದ್ದ. ಅವನ ಹಿಂದೆ ಸೀದ ಅನ್ನದ ವಾಸನೆ ಹೊತ್ತ ಊರು ನಿಂತಿತ್ತು.

ಅವಳು ತಾಯಿಯ ಕೈಯಲ್ಲಿದ್ದ ಕೋಲಿನ ತುದಿ ಹಿಡಿದು ತಗೊಂಡೆ ಎಂದಳು. ಬೆರಳು ಬಿಚ್ಚಲಿಲ್ಲ. ತಗೊಂಡೆ ಅಮ್ಮ, ತಗೊಂಡೆ ಎಂದು ನೂರು ಸಲ ಹೇಳಿದಳು. ಮೊದಲು ಆಡಬೇಕಾದ ಮಾತನ್ನು ಆಡುವ ಬಾಯಿ ಮುಚ್ಚಿತ್ತು. ಗುತ್ತಿಗೆದಾರ ಗುಮಾಸ್ತನನ್ನು ಕರೆಸಿ ಹಳೆಯ ಕಾಯಿದೆ ಓದಿಸಿದ. ಕೋಲು ಯಾರ ಕೈಯಲ್ಲಿದೆಯೋ ಗಾಡಿ ಅವರ ಹೊಣೆ, ಅವರ ಜಾಗ ಗಾಡಿಯೊಳಗೆ. ಆ ಕೈಗೆ ಜೀವ ಇರಬೇಕು ಎಂದು ಎಲ್ಲಾದರೂ ಬರೆದಿದೆಯೇ ಎಂದು ಗುತ್ತಿಗೆದಾರ ಕೇಳಿದ. ಗುಮಾಸ್ತ ಹಾಳೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಬರೆದಿರಲಿಲ್ಲ. ಹಾಗಾದರೆ ಮಂಚದ ಸಮೇತ ಗಾಡಿಗೆ ಹತ್ತಿಸಿ ಎಂದ ಗುತ್ತಿಗೆದಾರ.

ಅವಳು ಮುಖಂಡನ ಕಾಲು ಹಿಡಿದಳು. ಮಂಚಕ್ಕೆ ಅಡ್ಡ ನಿಲ್ಲಿ, ಅಷ್ಟೇ ಸಾಕು, ದಹನವಾದರೂ ಆಗಲಿ ಎಂದಳು. ಅವನು ಗಂಟಲು ಸರಿಮಾಡಿಕೊಂಡ. ಐವರೂ ಮೂಲೆಗೆ ಹೋಗಿ ಚರ್ಚೆ ಮಾಡಿದರು. ಮುದುಕಿ ನಿವೃತ್ತಿ ಆದವಳು, ಸಂಘದವಳಲ್ಲ. ಅದೂ ಅಲ್ಲದೆ ಆಣೆ ಇರುವಾಗ ಕೈ ಚಾಚಿ ಕೋಲು ತೆಗೆದುಕೊಂಡವಳು ಅವಳೇ, ಹಾಗೆ ನೋಡಿದರೆ ಮುಷ್ಕರ ಮುರಿದವಳು. ಬಂದು ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತರು. ಅವರ ಆಣೆ ಅಷ್ಟು ಗಟ್ಟಿಯಾಗಿತ್ತು ನೋಡಿ, ಒಂದು ಹೆಣವನ್ನು ತಡೆಯಲಿಕ್ಕೂ ಕೈ ಬಿಚ್ಚಲಿಲ್ಲ.

ಮೇಷ್ಟರು ಪುಸ್ತಕ ಕೆಳಗಿಟ್ಟರು. ಪೂಜಾರಿ ಮಡಿ ಮರೆತ. ಹೂವಿನವಳು ಬುಟ್ಟಿ ಇಳಿಸಿದಳು. ಮೂರು ದಿನ ಎಲ್ಲೂ ಕಾಣದ ಕೈಗಳು ಆಗ ಎಲ್ಲಿಂದಲೋ ಬಂದವು, ಮಂಚದ ನಾಲ್ಕು ಕಾಲೂ ಸಾಲದಷ್ಟು. ಅವಳನ್ನು ಎರಡು ಕೈ ಹಿಡಿದುಕೊಂಡವು. ಮಿಕ್ಕವು ಮಂಚವನ್ನು ಎತ್ತಿ ಗಾಡಿಯೊಳಗೆ ಇಟ್ಟವು, ತಾಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿದವು. ಗಾಡಿ ಒಮ್ಮೆ ನಡುಗಿ ಹೊರಟಿತು. ಜನ ಹತ್ತಿಕೊಂಡರು.

ಈಗ ಆ ಊರಿನಲ್ಲಿ ತಕರಾರಿಲ್ಲ. ಈ ಕೋಲಿನವಳು ಸರದಿ ಕೇಳುವುದಿಲ್ಲ, ತಗೋ ಎಂದು ಪ್ರಾಣ ತಿನ್ನುವುದಿಲ್ಲ, ತಿರುವಿನಲ್ಲಿ ಗಾಡಿ ಮೊದಲಿನಷ್ಟು ಕಿರ್ರೆನ್ನುವುದಿಲ್ಲ ಎಂದು ಕೂಡ ಕೆಲವರಿಗೆ ಅನ್ನಿಸುತ್ತದೆ. ಹೂವಿನವಳು ದಿನಾ ಬೆಳಗ್ಗೆ ಅವಳಿಗೆ ಒಂದು ಮೊಳ ಮಲ್ಲಿಗೆ ಮುಡಿಸುತ್ತಾಳೆ. ಹತ್ತುವವರು ಕೈ ಮುಗಿದು ಹತ್ತುತ್ತಾರೆ. ಗುತ್ತಿಗೆದಾರ ಉಳಿದಿದ್ದ ಇಬ್ಬರನ್ನೂ ಮನೆಗೆ ಕಳಿಸಿದ. ಮುಖಂಡ ಹೇಗೋ ಕಾಡಿ ಬೇಡಿ ಗಾಡಿಯ ಗಾಜು ಒರೆಸುವ ಕೆಲಸ ಹಿಡಿದಿದ್ದಾನೆ. ಮುಷ್ಕರವನ್ನು ಯಾರೂ ಮುರಿಯಲಿಲ್ಲ. ಅದು ಈಗಲೂ ನಡೆಯುತ್ತಿದೆ ಎಂದು ಅವನು ಗಾಜು ಒರೆಸುತ್ತಾ ಹೇಳುತ್ತಾನೆ.

ಮಗಳು ಆ ಕಿಟಕಿಯಲ್ಲಿ ಇರುತ್ತಾಳೆ. ಬೆಳಗ್ಗೆ ಎದ್ದು ಮಜ್ಜಿಗೆ ಕಡೆಯುತ್ತಾಳೆ. ಗಾಡಿ ಬರುವ ಹೊತ್ತಿಗೆ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದನ್ನು ಕಿಟಕಿಯಿಂದ ಹೊರಗೆ ಚಾಚುತ್ತಾಳೆ. ಒಂದು ಮಾತಿಗೆ ಆಗುವಷ್ಟೇ ಹೊತ್ತು.

"ಈಗ ಕೊಡಮ್ಮ," ಎನ್ನುತ್ತಾಳೆ.

ಗಾಡಿ ಹಾದುಹೋಗುತ್ತದೆ. ಅವಳು ಒಳಗೆ ಬಂದು ಪಾತ್ರೆಗೆ ಅಕ್ಕಿ ಹಾಕುತ್ತಾಳೆ.